ಪ್ಲೇಟು, ರೀಲು ಮತ್ತು ಅಂಕಿ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ ಎರಡು ಬಗೆಯ ಶಬ್ದ ಇವತ್ತಿಗೂ ಉಳಿದುಕೊಂಡಿದೆ. ಒಂದು, ಗ್ರಾಮಫೋನ್ ಪ್ಲೇಟು. ಮದುವೆಗೆ, ಜಾತ್ರೆಗೆ, ನಾಟಕದ ಟೆಂಟಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದವರ ಕಬ್ಬಿಣದ ಟ್ರಂಕುಗಳಲ್ಲಿ ಇವು ಹೆಚ್ಚು. ಇನ್ನೊಂದು, ಕ್ಯಾಸೆಟ್. ಗುರುರಾಜುಲು ನಾಯ್ಡು ಅವರ ಹರಿಕಥೆಯೋ ಮಾಸ್ಟರ್ ಹಿರಣ್ಣಯ್ಯ ಅವರ ನಾಟಕವೋ ಅಂಗಡಿಯಲ್ಲಿ ಕೊಂಡದ್ದಾದರೆ, ಅದರ ಪಕ್ಕದಲ್ಲೇ ಮನೆಯ ಟೂ-ಇನ್-ಒನ್ನಿನಲ್ಲಿ ತಾವೇ ಹಿಡಿದಿಟ್ಟುಕೊಂಡ ಸೋಬಾನೆ, ಭಜನೆ, ಬಯಲಾಟ, ಲಂಬಾಣಿ ತಾಂಡಾದ ಹಾಡು, ಭದ್ರಾವತಿ ಆಕಾಶವಾಣಿಯಿಂದ ಇಳಿಸಿಕೊಂಡ ಯಾವುದೋ ಕಾರ್ಯಕ್ರಮ, ತೀರಿಕೊಂಡ ಹಿರಿಯರ ಮಾತು ಇರುತ್ತವೆ.

ಇವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಒಂದು ವೈರು, ಒಂದು ತಂತ್ರಾಂಶ ಇದ್ದರೆ ಆಯಿತು ಎಂಬ ನಂಬಿಕೆ ಅದರ ಹಿಂದಿದೆ. ಕಂಪ್ಯೂಟರಿನ ಪಾಲಿನ ಕೆಲಸ ನಿಜಕ್ಕೂ ಅಷ್ಟೇ ಸುಲಭ. ಆದರೆ ಅಜ್ಜಿಯ ದನಿ ಅಜ್ಜಿಯದಾಗಿಯೇ ಉಳಿಯಿತೋ ಇಲ್ಲವೋ ಎಂಬುದು ಕಂಪ್ಯೂಟರಿಗೆ ಬರುವ ಮೊದಲೇ, ಮುಳ್ಳಿನ ತುದಿಯಲ್ಲಿ ಮತ್ತು ಟೇಪಿನ ಹೆಡ್ಡಿನ ಮುಂದೆ ತೀರ್ಮಾನವಾಗಿರುತ್ತದೆ. ಅಲ್ಲಿ ಕಳೆದುಕೊಂಡದ್ದನ್ನು ಯಾವ ತಂತ್ರಾಂಶವೂ ವಾಪಸ್ ತರಲಾರದು.

ಪ್ಲೇಟಿನಿಂದ ಶುರು ಮಾಡೋಣ. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಈ ಪ್ಲೇಟುಗಳು ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ಮಹಾಭಾರತದಲ್ಲಿ ಪಾಂಡವರಿಗೆ ಕಟ್ಟಿಸಿದ ಮನೆಯ ಅದೇ ಅರಗು. ಮುತ್ತುಗ, ಜಾಲಾರಿಯಂಥ ಮರಗಳ ಎಳೆ ಕೊಂಬೆಗೆ ಮುತ್ತಿಕೊಂಡ ಅರಗಿನ ಹುಳು ಸ್ರವಿಸುವ ಅಂಟು ಇದು. ಜಗತ್ತಿನ ಗ್ರಾಮಫೋನ್ ಉದ್ಯಮಕ್ಕೆ ಬೇಕಾದ ಅರಗಿನ ದೊಡ್ಡ ಪಾಲು ಹೋಗುತ್ತಿದ್ದದ್ದೂ ಭಾರತದಿಂದಲೇ. ಹಾಗಂತ ಪ್ಲೇಟಿನ ತುಂಬ ಅರಗೇ ಇರುತ್ತಿರಲಿಲ್ಲ. ಹೆಚ್ಚಿನ ಪಾಲು ಕಲ್ಲಿನ ನುಣ್ಣನೆ ಪುಡಿ, ಬಣ್ಣಕ್ಕೆ ಕಾಡಿಗೆ, ಬಿಗಿ ಬರಲು ಹತ್ತಿಯ ನಾರು. ಅರಗು ಇವನ್ನೆಲ್ಲ ಹಿಡಿದಿಡುವ ಬಂಧಕ. ಕಲ್ಲಿನ ಪುಡಿಯನ್ನು ಬೇಕೆಂದೇ ಹಾಕುತ್ತಿದ್ದರು. ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತುಗಳಲ್ಲೇ ಸವೆದು ಗೀರಿನ ಆಕಾರಕ್ಕೆ ಹೊಂದಿಕೊಳ್ಳಲಿ ಎಂಬ ಉದ್ದೇಶ. ಹಳೆಯ ಪ್ಲೇಟಿನಲ್ಲಿ ಹಾಡಿನ ಹಿಂದೆ ಸದಾ ಕೇಳುವ ಆ ಚರಚರ ಸದ್ದಿಗೆ ದೂಳು ಮಾತ್ರ ಕಾರಣವಲ್ಲ. ಪ್ಲೇಟು ಹುಟ್ಟುವಾಗಲೇ ಅದರ ಮೈಯಲ್ಲಿದ್ದ ಕಲ್ಲಿನ ಕಣಗಳ ಸದ್ದೂ ಅದರಲ್ಲಿ ಸೇರಿದೆ.

ಈ ಅರಗಿಗೂ ನಮ್ಮ ನಾಡಿಗೂ ಒಂದು ನಂಟಿದೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ನಡೆಸಿದಾಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಮುದ್ರಿಸಿದ ಮೇಣದ ತಟ್ಟೆಗಳು ಅಚ್ಚಾಗಲು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು, ಅಲ್ಲಿಯವರಿಗೆ ಯಾರ ಹಾಡು ಯಾವುದೆಂದು ಗೊತ್ತಾಗಲಿ ಎಂದು ಹಾಗೆ ಮಾಡುತ್ತಿದ್ದರಂತೆ. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನ ವಿದುಷಿಯಾಗಿ ಬಂದರು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಅವರ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಂ ಸಂಪತ್ ಮುಂದೆ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಎಂಬ ಸಂಗ್ರಹ ಕಟ್ಟಿ, ಹಳೆಯ ಪ್ಲೇಟುಗಳನ್ನು ಅಂಕೀಯ ರೂಪಕ್ಕೆ ತಂದು ಜನರಿಗೆ ಕೇಳಲು ಬಿಟ್ಟರು. ಕರ್ನಾಟಕದಲ್ಲಿ ಈ ಕೆಲಸಕ್ಕೆ ಇಂಥ ಮಾದರಿ ಇದೆ ಎಂಬುದು ನನಗೆ ದೊಡ್ಡ ಸಮಾಧಾನ.

ಟ್ರಂಕಿನಿಂದ ತೆಗೆದ ಪ್ಲೇಟನ್ನು ನೇರವಾಗಿ ಹಳೆಯ ಕೊಂಬಿನ ಗ್ರಾಮಫೋನಿಗೆ ಹಾಕಿ, ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಯಂತ್ರದ ಸೌಂಡ್‌ಬಾಕ್ಸಿನ ಭಾರ 100 ಗ್ರಾಂ ಮೀರುತ್ತದೆ. ಅಷ್ಟೂ ಭಾರ ಉಕ್ಕಿನ ಮುಳ್ಳಿನ ಮೊನೆಯ ಮೂಲಕ ಗೀರಿನ ಮೇಲೆ ಕೂತು, ಪ್ರತಿ ಸಲ ನುಡಿಸಿದಾಗಲೂ ಒಂದಿಷ್ಟು ಹಾಡನ್ನು ಕೆರೆದು ಪುಡಿ ಮಾಡುತ್ತದೆ. ಇವತ್ತಿನ ಟರ್ನ್‌ಟೇಬಲ್ಲಿನಲ್ಲಿ ಈ ಭಾರ ನಾಲ್ಕೈದು ಗ್ರಾಂ ಮಾತ್ರ.

ಆದರೆ ಟರ್ನ್‌ಟೇಬಲ್ಲಿನ ಜೊತೆ ಬರುವ ಮುಳ್ಳು 78ರ ಪ್ಲೇಟಿಗೆ ಹೊಂದುವುದಿಲ್ಲ. 1948ರಲ್ಲಿ ಬಂದ ಎಲ್‌ಪಿ ತಟ್ಟೆಯ ಗೀರು ಬಹಳ ಸಪೂರ, ಅದರ ಮುಳ್ಳಿನ ತುದಿಯ ತ್ರಿಜ್ಯ 18ರಿಂದ 25 ಮೈಕ್ರಾನ್. 78ರ ಗೀರಿಗೆ ಬೇಕಾದದ್ದು 65ರಿಂದ 75 ಮೈಕ್ರಾನಿನ ತುದಿ. ಎಲ್‌ಪಿ ಮುಳ್ಳನ್ನು 78ಕ್ಕೆ ಇಟ್ಟರೆ ಅದು ಗೋಡೆಗಳನ್ನು ಮುಟ್ಟದೆ ಗೀರಿನ ತಳಕ್ಕೆ ಇಳಿದು, ಅಲ್ಲಿ ನೂರು ವರ್ಷದಿಂದ ಕೂತ ಕಸವನ್ನು ಓದುತ್ತದೆ. ಹಾಡು ಇರುವುದು ಗೋಡೆಗಳ ಮೇಲೆ. ಇದರಲ್ಲೇ ಒಂದು ಸೊಗಸಾದ ಉಪಾಯವೂ ಅಡಗಿದೆ. ಹಳೆಯ ಉಕ್ಕಿನ ಮುಳ್ಳು ಗೋಡೆಯ ಒಂದು ನಿರ್ದಿಷ್ಟ ಎತ್ತರದಲ್ಲೇ ಉಜ್ಜಿ ಉಜ್ಜಿ ಸವೆಸಿರುತ್ತದೆ. ಸ್ವಲ್ಪ ದಪ್ಪನೆಯ ಅಥವಾ ಸ್ವಲ್ಪ ಸಪೂರದ ತುದಿ ಬಳಸಿದರೆ, ಸವೆದ ಜಾಗಕ್ಕಿಂತ ಮೇಲೆ ಅಥವಾ ಕೆಳಗೆ ಇನ್ನೂ ಹಾಳಾಗದೆ ಉಳಿದ ಗೋಡೆ ಸಿಗುತ್ತದೆ. ಅನುಭವಿಗಳು ನಾಲ್ಕಾರು ಅಳತೆಯ ಮುಳ್ಳುಗಳನ್ನು ಇಟ್ಟುಕೊಂಡು ಒಂದೊಂದನ್ನೇ ಹಾಕಿ ಕೇಳಿ ನೋಡುವುದು ಇದಕ್ಕಾಗಿ. ಕಿವಿಗೆ ಸತ್ತೇಹೋದಂತಿದ್ದ ಪ್ಲೇಟು ಮುಳ್ಳು ಬದಲಿಸಿದ ಮರುಕ್ಷಣ ಮಾತಾಡುವುದುಂಟು.

ತೊಳೆಯುವುದೂ ಒಂದು ವಿದ್ಯೆಯೇ. ಎಲ್‌ಪಿ ತಟ್ಟೆಗೆ ಆಲ್ಕೋಹಾಲ್ ಬೆರೆಸಿದ ದ್ರವ ಬಳಸುವವರಿದ್ದಾರೆ. ಅರಗಿನ ಪ್ಲೇಟಿಗೆ ಅದನ್ನು ಮುಟ್ಟಿಸಲೇಬಾರದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಮರಗೆಲಸದವರು ಪಾಲಿಶ್ ತಯಾರಿಸುವುದು ಹಾಗೆಯೇ. ಶುದ್ಧ ನೀರಿಗೆ ಒಂದೆರಡು ಹನಿ ಮೃದುವಾದ ಸೋಪು, ಮೆತ್ತನೆ ಬ್ರಶ್ಶು, ಲೇಬಲ್ ನೆನೆಯದಂತೆ ಎಚ್ಚರ, ನೆರಳಲ್ಲಿ ಒಣಗಿಸುವುದು. ಇಷ್ಟು ಸಾಕು.

ಇನ್ನು ವೇಗ. ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದು, ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಇದು. 78 ಎಂಬ ಅಂಕಿ ನಿಜಕ್ಕೂ ಒಂದು ಅಂದಾಜು. 50 ಹರ್ಟ್ಸ್ ವಿದ್ಯುತ್ತಿರುವ ದೇಶಗಳಲ್ಲಿ ಲೆಕ್ಕ ಕೂಡಿಬರುವ ವೇಗ 77.92. ವಿದ್ಯುತ್ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. 77 ಗೆರೆಗಳಿರುವ ಕಾಗದದ ಚಕ್ರವನ್ನು ತಿರುಗುವ ಪ್ಲೇಟಿನ ಮೇಲಿಟ್ಟಾಗ ಗೆರೆಗಳು ನಿಂತಂತೆ ಕಂಡರೆ ವೇಗ ಸರಿಯಿದೆ ಎಂದರ್ಥ. (ಎಲ್ಲ ಎಲ್‌ಇಡಿ ಬಲ್ಬಿನಡಿಯೂ ಈ ಪರೀಕ್ಷೆ ನಡೆಯುವುದಿಲ್ಲ.) ಆದರೆ 20ನೇ ಶತಮಾನದ ಮೊದಲ ದಶಕಗಳಲ್ಲಿ ಮುದ್ರಣದ ವೇಗ ಕಂಪನಿಯಿಂದ ಕಂಪನಿಗೆ, ಒಮ್ಮೊಮ್ಮೆ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. 72ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆಗಿಂತಲೂ ಮೇಲಕ್ಕೆ ಜಿಗಿಯುತ್ತದೆ. ಶ್ರುತಿಯ ಜೊತೆ ದನಿಯ ಬಣ್ಣ, ತಾನದ ಓಟ, ಹಾಡುವವರ ವಯಸ್ಸು ಎಲ್ಲವೂ ಸುಳ್ಳಾಗುತ್ತವೆ.

ವೇಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಅತ್ಯಂತ ಹಳೆಯ ಧ್ವನಿಮುದ್ರಣಗಳಲ್ಲೊಂದು ಸಾಕ್ಷಿ. ಪ್ಯಾರಿಸ್ಸಿನ ಎಡ್ವರ್ಡ್-ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ 1860ರ ಏಪ್ರಿಲ್ 9ರಂದು, ಎಡಿಸನ್ನನ ಫೋನೋಗ್ರಾಫಿಗೂ 17 ವರ್ಷ ಮೊದಲು, ಮಸಿ ಹಿಡಿಸಿದ ಕಾಗದದ ಮೇಲೆ ಒಂದು ಹಾಡಿನ ಅಲೆಗಳನ್ನು ಗೀಚಿಸಿದ್ದ. ಅದನ್ನು ಮತ್ತೆ ಕೇಳುವ ಉಪಾಯ ಅವನಿಗೆ ಗೊತ್ತಿರಲಿಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಗಳ ಚಿತ್ರ ತೆಗೆದು ಕಂಪ್ಯೂಟರಿನಿಂದ ಶಬ್ದವಾಗಿಸಿದಾಗ ಎಳೆಯ ಹೆಣ್ಣುಮಗಳೊಬ್ಬಳು ಹಾಡಿದಂತೆ ಕೇಳಿಸಿತು. ಪತ್ರಿಕೆಗಳಲ್ಲಿ ಹಾಗೆಯೇ ಬಂತು. ಮರುವರ್ಷ ಲೆಕ್ಕವನ್ನು ಮತ್ತೆ ನೋಡಿದಾಗ, ನುಡಿಸಿದ್ದು ಎರಡರಷ್ಟು ವೇಗದಲ್ಲಿ ಎಂದು ತಿಳಿಯಿತು. ಸರಿಯಾದ ವೇಗದಲ್ಲಿ ಅದು ನಿಧಾನವಾಗಿ ಹಾಡುವ ಗಂಡಸಿನ ದನಿ, ಬಹುಶಃ ಸ್ಕಾಟ್‌ನದೇ. ಹಾಡಿನ ಗೆರೆಯ ಪಕ್ಕದಲ್ಲೇ ಶ್ರುತಿಕವೆಯ ಗೆರೆಯನ್ನೂ ಅವನು ಎಳೆಸಿದ್ದ. ಸತ್ಯ ಹೊರಬಂದದ್ದು ಆ ಗೆರೆಯನ್ನು ಸರಿಯಾಗಿ ಓದಿದಾಗ.

ನಮ್ಮ ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1930ರ ದಶಕದಲ್ಲಿ ಎಚ್‌ಎಂವಿ ಅವರ ಪ್ಲೇಟುಗಳನ್ನು ಹುಬ್ಬಳ್ಳಿಯ ಗಾಂಧಾರಿ ಎಂಬ ಹೆಸರಿನಲ್ಲಿ ಹೊರತಂದಿತು. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ದನಿ. ನಾವು ಮುಂದೆ ರೇಡಿಯೋದಲ್ಲಿ, ಕಛೇರಿಗಳಲ್ಲಿ ಕೇಳಿದ ಆ ಗಂಭೀರ ದನಿ ಬಂದದ್ದು ಗಂಟಲಿನ ಚಿಕಿತ್ಸೆಯ ನಂತರ. ಈ ಎರಡು ದನಿಗಳ ನಡುವಿನ ಅಂತರ ನಿಜವಾಗಿ ಎಷ್ಟಿತ್ತು? ಈ ಪ್ರಶ್ನೆಗೆ ಉತ್ತರ ಇರುವುದು ಆ ಪ್ಲೇಟುಗಳಲ್ಲೇ. ಅವುಗಳನ್ನು ಅಂಕೀಯ ರೂಪಕ್ಕೆ ತರುವವರು ವೇಗವನ್ನು ನೂರಕ್ಕೆ ಮೂರರಷ್ಟು ತಪ್ಪಿದರೂ ಉತ್ತರವೇ ಬದಲಾಗಿಬಿಡುತ್ತದೆ.

ಕಂಪನಿ ನಾಟಕದ ಹಾಡುಗಳಿಗೆ ಒಂದು ಅನುಕೂಲವಿದೆ. ದಾವಣಗೆರೆ ಸೀಮೆ ನಾಟಕ ಕಂಪನಿಗಳ ಸೀಮೆ. ಚಿಂದೋಡಿ ಮನೆತನದ ಗುರು ಕರಿಬಸವ ರಾಜೇಂದ್ರ ನಾಟಕ ಕಂಪನಿಯನ್ನು, ಅಂದರೆ ಜನರ ಬಾಯಲ್ಲಿ ಕೆಬಿಆರ್ ಡ್ರಾಮಾ ಕಂಪನಿಯನ್ನು, ಇಲ್ಲಿ ಅರಿಯದವರಿಲ್ಲ. ಇಂಥ ನಾಟಕದ ಹಾಡೆಂದರೆ ಪಕ್ಕದಲ್ಲಿ ಕಾಲು ಹಾರ್ಮೋನಿಯಂ ಇರಲೇಬೇಕು. ಹಾರ್ಮೋನಿಯಮ್ಮಿನ ಸ್ವರಗಳು ಲೋಹದ ನಾಲಗೆಗಳಿಂದ ಹುಟ್ಟುತ್ತವೆ, ಹಾಡುಗಾರರ ಇಷ್ಟಕ್ಕೆ ಏರಿಳಿಯುವುದಿಲ್ಲ. ಪ್ಲೇಟಿನಲ್ಲಿ ಅದರ ಶ್ರುತಿ ಎರಡು ಮನೆಗಳ ನಟ್ಟನಡುವೆ ಬೀಳುತ್ತಿದ್ದರೆ ವೇಗದ ಬಗ್ಗೆ ಅನುಮಾನಪಡಬೇಕು. ಹಳೆಯ ಪೆಟ್ಟಿಗೆಗಳ ಶ್ರುತಿಯಲ್ಲೂ ಅಷ್ಟಿಷ್ಟು ವ್ಯತ್ಯಾಸವಿರುತ್ತದೆ ನಿಜ, ಆದರೂ ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಅಪರೂಪ.

ಈಗ ಕ್ಯಾಸೆಟ್. ಇದರ ವಿಷಯದಲ್ಲಿ ನಮಗೆ ಸಮಯವೂ ಕಡಿಮೆ, ಹೊಣೆಯೂ ಹೆಚ್ಚು.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆಯೊಳಗಿನ ಪಟ್ಟಿಯ ಅಗಲ ನಾಲ್ಕು ಮಿಲಿಮೀಟರಿಗಿಂತಲೂ ಕಡಿಮೆ. ಪಾಲಿಯೆಸ್ಟರ್ ಹಾಳೆಯ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆ ಕಣಗಳನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಅದು ಹೆಡ್ಡಿನ ಮುಂದೆ ಸೆಕೆಂಡಿಗೆ 4.76 ಸೆಂಟಿಮೀಟರ್ ಸರಿಯುತ್ತದೆ. ಕನ್ನಡದಲ್ಲಿ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾದ ನಿತ್ಯೋತ್ಸವ ಬಂದದ್ದು 1978ರಲ್ಲಿ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಆಮೇಲಿನ ಎರಡು ದಶಕ ಹಳ್ಳಿಹಳ್ಳಿಗೂ ಟೇಪ್ ರೆಕಾರ್ಡರ್ ಬಂತು. ಜನ ಮೊದಲ ಸಲ ತಮ್ಮ ದನಿಯನ್ನು ತಾವೇ ಹಿಡಿದಿಟ್ಟುಕೊಂಡರು. ಪ್ಲೇಟಿನಲ್ಲಿ ಯಾರ ಹಾಡು ಬರಬೇಕೆಂದು ಕಂಪನಿ ತೀರ್ಮಾನಿಸುತ್ತಿತ್ತು. ಕ್ಯಾಸೆಟ್ಟಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸಿಗೂ ಜಾಗ ಸಿಕ್ಕಿತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಅಲ್ಲಿ ಸೇರುವ ಲಂಬಾಣಿಗರ ಭಾಷೆಗೆ ಸ್ವಂತ ಲಿಪಿಯಿಲ್ಲ. ಬಾಯಿಂದ ಬಾಯಿಗೆ ಬಂದ ಅವರ ಹಾಡಿಗೆ, ಕಥನಕ್ಕೆ ಧ್ವನಿಮುದ್ರಣವೇ ಎಷ್ಟೋ ಕಡೆ ಏಕೈಕ ದಾಖಲೆ.

ಕೂಡಲಿಯಲ್ಲಿ ಒಂದಾದ ತುಂಗೆ-ಭದ್ರೆ ಹೊನ್ನಾಳಿಯನ್ನು ತಾಗಿಕೊಂಡೇ ಹರಿಯುತ್ತದೆ. ಸುತ್ತ ನಾಲೆ, ಗದ್ದೆ, ತೋಟ. ಬೆಳೆಗೆ ಒಳ್ಳೆಯದಾದ ಈ ತೇವ ಟೇಪಿಗೆ ಶತ್ರು. ಮಳೆಗಾಲದಲ್ಲಿ ಮುಚ್ಚಿದ ಬೀರುವಿನೊಳಗೆ ಕ್ಯಾಸೆಟ್ಟಿನ ಸುರುಳಿಯ ಅಂಚಿಗೆ ಬೆಳ್ಳನೆಯ ಬೂಷ್ಟು ಕಟ್ಟುತ್ತದೆ. ಅಂಥದ್ದನ್ನು ಹಾಗೇ ಪ್ಲೇಯರಿಗೆ ಹಾಕಿದರೆ ಬೂಷ್ಟಿನ ಬೀಜಾಣು ಹೆಡ್ಡಿಗೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ಹರಡುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ಮೊದಲು ಒಣಗಿಸಬೇಕು, ಬಿಸಿಲಿಗೆ ಇಡಬಾರದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಬೇಕು. ರೇಡಿಯೋ ಕೇಂದ್ರಗಳಲ್ಲಿ ಬಳಸುತ್ತಿದ್ದ ದೊಡ್ಡ ಸ್ಪೂಲ್ ಟೇಪುಗಳ ಕೆಲವು ಬಗೆಗಳಲ್ಲಿ ಇನ್ನೊಂದು ರೋಗವಿದೆ: ಅಂಟೇ ಗಾಳಿಯ ನೀರನ್ನು ಹೀರಿ ಜಿಗುಟಾಗಿ, ನುಡಿಸುವಾಗ ಆಕ್ಸೈಡಿನ ಪದರ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ತಾತ್ಕಾಲಿಕವಾಗಿ ಸರಿಪಡಿಸುವ ವಿಧಾನ ಉಂಟು. ಅದು ತಜ್ಞರ ಕೆಲಸ, ಅಡುಗೆಮನೆಯ ಓವನ್ನಿನದಲ್ಲ.

ಕ್ಯಾಸೆಟ್ ಪ್ಲೇಯರಿನ ಹೆಡ್ಡನ್ನು ಹತ್ತಿರದಿಂದ ನೋಡಿ. ಅದರ ಒಂದು ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ತಿರುಪು ಕಾಣುತ್ತದೆ. ಹೆಡ್ಡಿನ ನಡುವಿನ ಸೀಳು ಟೇಪಿಗೆ ಯಾವ ಕೋನದಲ್ಲಿ ನಿಲ್ಲಬೇಕೆಂಬುದನ್ನು ಹೊಂದಿಸುವ ತಿರುಪು ಇದು. ಮುದ್ರಿಸಿದ ಯಂತ್ರದ ಕೋನವೂ ನುಡಿಸುವ ಯಂತ್ರದ ಕೋನವೂ ಒಂದೇ ಆಗಿದ್ದರೆ ಮಾತ್ರ ಎತ್ತರದ ಸ್ವರಗಳು ಪೂರ್ತಿ ಬರುತ್ತವೆ. ಮೂವತ್ತು ವರ್ಷದ ಹಿಂದೆ ಮನೆಯ ಟೂ-ಇನ್-ಒನ್ನಿನಲ್ಲಿ ಹಿಡಿದ ಹಾಡಿಗೆ ಆ ಟೂ-ಇನ್-ಒನ್ನಿನ ಓರೆಯೇ ಸರಿಯಾದ ಓರೆ. ಆದ್ದರಿಂದ ಪ್ರತಿ ಕ್ಯಾಸೆಟ್ಟಿಗೂ ತಿರುಪನ್ನು ಹೊಸದಾಗಿ ಹೊಂದಿಸಬೇಕು. ಕ್ಯಾಸೆಟ್ ಓಡುತ್ತಿರುವಾಗ ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟೇ ಅತ್ತಿತ್ತ ತಿರುಗಿಸುತ್ತ ಕೇಳಿ. ಮಂಕಾಗಿದ್ದ ಹಾಡಿನಲ್ಲಿ ಒಂದು ಬಿಂದುವಿಗೆ ಬಂದಾಗ ಸಕಾರ, ಶಕಾರಗಳು ಮೊನಚಾಗುತ್ತವೆ, ಬಳೆಯ ಸದ್ದು ಬಳೆಯದಾಗಿ ಕೇಳುತ್ತದೆ. ಅಲ್ಲಿ ಕೈ ತೆಗೆಯಬೇಕು. ಕಾಸು ಖರ್ಚಿಲ್ಲದ ಈ ಒಂದು ಕೆಲಸದಿಂದ ಆಗುವ ಲಾಭ ಯಾವ ದುಬಾರಿ ತಂತ್ರಾಂಶದಿಂದಲೂ ಆಗದು. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಯುಎಸ್‌ಬಿ ಕ್ಯಾಸೆಟ್ ಪ್ಲೇಯರುಗಳನ್ನು ನಾನು ಬೇಡವೆನ್ನುವುದಕ್ಕೂ ಇದೇ ಕಾರಣ: ಹೆಡ್ಡು ಒರಟು, ಮೋಟಾರಿನ ವೇಗಕ್ಕೆ ಭರವಸೆಯಿಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಒಳ್ಳೆಯ ಡೆಕ್ಕೊಂದನ್ನು ಬೆಲ್ಟ್ ಬದಲಿಸಿ ರಿಪೇರಿ ಮಾಡಿಸುವುದೇ ಮೇಲು.

ವೇಗದ ಪ್ರಶ್ನೆ ಇಲ್ಲೂ ಬರುತ್ತದೆ, ಬೇರೆ ವೇಷದಲ್ಲಿ. ಕರೆಂಟಿಲ್ಲದ ಕಡೆ ಬ್ಯಾಟರಿ ಸೆಲ್ಲಿನ ಮೇಲೆ ಹಾಡು ಹಿಡಿಯುತ್ತಿದ್ದರು. ಸೆಲ್ ಇಳಿಯುತ್ತ ಬಂದಂತೆ ಮೋಟಾರ್ ನಿಧಾನವಾಗುತ್ತದೆ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ಯಂತ್ರದಲ್ಲಿ ನುಡಿಸಿದಾಗ ಹಾಡು ಕೊನೆಕೊನೆಗೆ ಚುರುಕಾಗುತ್ತ, ಶ್ರುತಿ ಏರುತ್ತ ಹೋಗುತ್ತದೆ. ಆದರೆ ಶ್ರುತಿಪೆಟ್ಟಿಗೆಯಿಲ್ಲದೆ ಹಾಡುವ ಸೋಬಾನೆಯವರು ಹುರುಪು ಬಂದಂತೆ ತಾವಾಗಿಯೇ ಶ್ರುತಿ ಏರಿಸಿಕೊಂಡು ಹೋಗುವುದೂ ಉಂಟಲ್ಲ? ಏರಿಸಿದ್ದು ಸೆಲ್ಲೋ, ಹಾಡಿದವರೋ? ಇದನ್ನು ಬಿಡಿಸಲು ಹಾಡನ್ನು ಬಿಟ್ಟು ಬೇರೆ ಸದ್ದುಗಳನ್ನು ಕೇಳಬೇಕು. ಮನುಷ್ಯರು ಶ್ರುತಿ ಏರಿಸಿದರೆ ಗಂಟಲಿನ ತಂತುಗಳ ಕಂಪನ ಮಾತ್ರ ಹೆಚ್ಚುತ್ತದೆ. ಬಾಯಿ, ಗಂಟಲುಗಳ ಪೊಳ್ಳು ದನಿಗೆ ಕೊಡುವ ಬಣ್ಣ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಅಕಾರ ಅಕಾರವಾಗಿಯೇ ಕೇಳುತ್ತದೆ. ಯಂತ್ರ ಏರಿಸಿದರೆ ಎಲ್ಲವೂ ಒಟ್ಟಿಗೆ ಏರುತ್ತವೆ. ನಡುವೆ ಮಾತಾಡುವ ಗಂಡಸಿನ ದನಿ ಎಳೆಯದಾಗುತ್ತದೆ, ಅಳುವ ಮಗುವಿನ ಅಳು ಕೀರಲಾಗುತ್ತದೆ, ಚಪ್ಪಾಳೆಯ ಸದ್ದು ಕೂಡ ತೆಳುವಾಗುತ್ತದೆ. ಸರಿಯಾದ ವೇಗವನ್ನು ಕಂಡುಹಿಡಿಯಲು ಹಿನ್ನೆಲೆಯ ಈ ಗದ್ದಲ ಒಂದು ಒಳ್ಳೆಯ ಸುಳಿವು.

ಕರೆಂಟಿನಲ್ಲಿ ಹಿಡಿದ ಟೇಪಾದರೆ ಇನ್ನೊಂದು ಸುಳಿವು ಸಿಗುತ್ತದೆ. ಅಂಥ ಬಹುಪಾಲು ಮುದ್ರಣಗಳ ತಳದಲ್ಲಿ ವಿದ್ಯುತ್ ಜಾಲದ 50 ಹರ್ಟ್ಸಿನ ಗುಂಯ್‌ಗುಡುವಿಕೆ ಸಣ್ಣಗೆ ಸೇರಿಕೊಂಡಿರುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಆವರ್ತನದ ನಕ್ಷೆ ತೆರೆದರೆ ಆ ಗೆರೆ ಎಲ್ಲಿದೆಯೆಂದು ಕಾಣುತ್ತದೆ. 50ರ ಜಾಗದಲ್ಲಿ 53 ಕಂಡರೆ ಟೇಪು ಜೋರಾಗಿ ಓಡುತ್ತಿದೆ ಎಂದು ತಿಳಿಯಬಹುದು. ಹಳೆಯ ದಿನಗಳಲ್ಲಿ ದಕ್ಷಿಣದ ವಿದ್ಯುತ್ ಜಾಲದ ಆವರ್ತನವೇ 50ಕ್ಕಿಂತ ಕೆಳಗೆ ಇಳಿಯುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಭದ್ರಾವತಿ ಆಕಾಶವಾಣಿಯಿಂದ ಇಳಿಸಿಕೊಂಡ ಕ್ಯಾಸೆಟ್ಟುಗಳನ್ನು ಕೀಳಾಗಿ ಕಾಣಬೇಡಿ. 1965ರಲ್ಲಿ ಶುರುವಾದ ಆ ಕೇಂದ್ರದ 675 ಕಿಲೋಹರ್ಟ್ಸ್ ಮಧ್ಯಮ ತರಂಗ ಈ ಸೀಮೆಯ ದಿನಚರಿಯೇ ಆಗಿತ್ತು. ಮಧ್ಯಮ ತರಂಗದಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಎತ್ತರದ ಸ್ವರಗಳು ಬರುವುದೇ ಇಲ್ಲವಾದ್ದರಿಂದ ಅವು ಮಂಕಾಗಿ ಕೇಳುವುದು ಸಹಜ. ಆದರೆ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಜಗತ್ತಿನ ಎಷ್ಟೋ ರೇಡಿಯೋ ಕೇಂದ್ರಗಳು ಹಳೆಯದನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸಿವೆ. ಕೇಳುಗರ ಮನೆಯ ಮಂಕು ಪ್ರತಿಯೇ ಕೊನೆಯ ಪ್ರತಿಯಾಗಿ ಉಳಿದ ನಿದರ್ಶನಗಳು ಹಲವು ದೇಶಗಳಲ್ಲಿವೆ.

ಇಷ್ಟೆಲ್ಲ ಆದಮೇಲೆ ದನಿ ಕಂಪ್ಯೂಟರಿಗೆ ಬರುತ್ತದೆ. ಅಲ್ಲಿ ನಡೆಯುವುದು ಅಳತೆ. ಏರಿಳಿಯುವ ವಿದ್ಯುತ್ ಅಲೆಯ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಪ್ರತಿ ಸಲದ ಅಂಕಿಯನ್ನು ಬರೆದಿಡುವುದು. ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆ, ಒಂದೊಂದಕ್ಕೆ 16 ಬಿಟ್. ಧ್ವನಿ ಸಂಗ್ರಹಾಲಯಗಳು ಇವತ್ತು ಸಾಮಾನ್ಯವಾಗಿ ಬಳಸುವುದು ಸೆಕೆಂಡಿಗೆ 96,000 ಅಳತೆ, 24 ಬಿಟ್. ಮನುಷ್ಯರ ಕಿವಿ 20,000 ಹರ್ಟ್ಸ್ ದಾಟಿ ಕೇಳುವುದಿಲ್ಲ, ಅದಕ್ಕೆ ಸೆಕೆಂಡಿಗೆ 40,000ಕ್ಕಿಂತ ತುಸು ಹೆಚ್ಚು ಅಳತೆ ಸಾಕು. ಹಾಗಿದ್ದ ಮೇಲೆ ಹಳೆಯ ಪ್ಲೇಟಿಗೆ 96,000 ಏಕೆ? ಉತ್ತರ ಇರುವುದು ಹಾಡಿನಲ್ಲಲ್ಲ, ಕಸದಲ್ಲಿ. ಪ್ಲೇಟಿನ ಗೀಚಿನಿಂದ ಬರುವ ಟಿಕ್ ಸದ್ದು ಅತ್ಯಂತ ಚೂಪು, ಕ್ಷಣಮಾತ್ರದ್ದು. ಅಳತೆ ದಟ್ಟವಾಗಿದ್ದಷ್ಟೂ ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂಬುದು ಸ್ಪಷ್ಟವಾಗಿ, ಮುಂದೊಂದು ದಿನ ಅದನ್ನು ಹಾಡಿಗೆ ನೋವಾಗದಂತೆ ತೆಗೆಯಬಹುದು. ಈ ಲೆಕ್ಕದಲ್ಲಿ 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 2 ಗಿಗಾಬೈಟ್ ಜಾಗ ಬೇಕು. ಅದೇ ಕ್ಯಾಸೆಟ್ 128 ಕಿಲೋಬಿಟ್‌ನ ಎಂಪಿ3 ಆದರೆ 58 ಮೆಗಾಬೈಟಿಗೆ ಇಳಿಯುತ್ತದೆ. ಕಿವಿಗೆ ಗೊತ್ತಾಗದು ಎಂದು ಎಂಪಿ3 ಎಸೆಯುವ ಭಾಗ ಮತ್ತೆ ಸಿಗುವುದಿಲ್ಲ. ವಾಟ್ಸ್ಆಪಿನಲ್ಲಿ ಹಂಚಲು ಎಂಪಿ3 ಸರಿ, ಮೂಲವಾಗಿ ಇಟ್ಟುಕೊಳ್ಳಬೇಕಾದದ್ದು ವೇವ್ ಅಥವಾ ಫ್ಲ್ಯಾಕ್ ಕಡತ.

ಇನ್ನೊಂದು ಎಚ್ಚರ: ಮಟ್ಟವನ್ನು ತಗ್ಗಿಸಿಯೇ ಹಿಡಿಯಿರಿ. ಟೇಪಿಗೆ ದನಿ ಹೆಚ್ಚಾದರೆ ಅದು ಸ್ವಲ್ಪ ಒರಟಾಗುತ್ತದೆ ಅಷ್ಟೆ. ಅಂಕೀಯ ಮುದ್ರಣದಲ್ಲಿ ಮಿತಿ ದಾಟಿದ ಅಲೆಯ ತಲೆಯೇ ಕತ್ತರಿಸಿಹೋಗುತ್ತದೆ.

ಶಬ್ದ ಶುಚಿ ಮಾಡುವ ತಂತ್ರಾಂಶಗಳ ಬಗ್ಗೆ ನನಗೆ ಗೌರವವೂ ಇದೆ, ಭಯವೂ ಇದೆ. ಪುಕ್ಕಟೆಯಾಗಿ ಸಿಗುವ ಅಡಾಸಿಟಿಯಲ್ಲೂ ಈ ಸೌಲಭ್ಯ ಉಂಟು. ಹಾಡಿಲ್ಲದ, ಬರೀ ಗದ್ದಲವಿರುವ ಒಂದೆರಡು ಸೆಕೆಂಡನ್ನು ತೋರಿಸಿದರೆ ತಂತ್ರಾಂಶ ಆ ಗದ್ದಲ ಯಾವ ಆವರ್ತನದಲ್ಲಿ ಎಷ್ಟಿದೆಯೆಂದು ಲೆಕ್ಕಹಾಕಿ, ಇಡೀ ಹಾಡಿನಿಂದ ಅಷ್ಟನ್ನು ತಗ್ಗಿಸುತ್ತದೆ. ಕಣದಲ್ಲಿ ಭತ್ತ ತೂರುವವರಿಗೆ ಈ ಕೆಲಸದ ಅಪಾಯ ಚೆನ್ನಾಗಿ ಅರ್ಥವಾದೀತು: ಗಾಳಿ ಹದವಾಗಿದ್ದರೆ ಹೊಟ್ಟು ಹೋಗುತ್ತದೆ, ಜೋರಾದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತದೆ. ನಮ್ಮ ಸಂಗೀತಕ್ಕೆ ಮತ್ತೊಂದು ಅಪಾಯವೂ ಇದೆ. ಒಂದೇ ಸಮನೆ ಬದಲಾಗದೆ ಕೇಳುವುದೆಲ್ಲ ಗದ್ದಲ ಎಂಬುದು ಈ ತಂತ್ರಾಂಶದ ತಿಳಿವಳಿಕೆ. ನಮ್ಮ ತಂಬೂರಿ ಒಂದೇ ಸಮನೆ ಕೇಳುತ್ತದೆ. ತತ್ವಪದದವರ ಏಕತಾರಿ ಕೂಡ. ಹಾಡು ಶುರುವಾಗುವ ಮೊದಲು ತಂಬೂರಿ ಮೀಟುತ್ತಿರುವ ಭಾಗವನ್ನು ಗದ್ದಲದ ಮಾದರಿಯೆಂದು ತೋರಿಸಿದರೆ, ಶ್ರುತಿಯನ್ನೇ ಹಾಡಿನಿಂದ ಕಿತ್ತು ಹಾಕಿದಂತೆ. ಮೂಲ ಕಡತವನ್ನು ಮುಟ್ಟದೆ ಹಾಗೇ ಇಟ್ಟು, ಶುಚಿ ಮಾಡುವುದನ್ನು ಪ್ರತಿಯ ಮೇಲೆ ಮಾತ್ರ ಮಾಡಬೇಕು. ಮುಂದಿನ ವರ್ಷಗಳಲ್ಲಿ ಇನ್ನೂ ಜಾಣ ತಂತ್ರಾಂಶಗಳು ಬರುತ್ತವೆ. ಅವಕ್ಕೆ ಬೇಕಾಗುವುದು ನಾವು ತೊಳೆದದ್ದಲ್ಲ, ಕಸದ ಸಮೇತ ಇರುವ ಮೂಲ.

ಒಡೆದ ಪ್ಲೇಟನ್ನೂ ಎಸೆಯಬೇಡಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ಮುಳ್ಳೇ ಮುಟ್ಟದೆ, ಗೀರಿನ ಸೂಕ್ಷ್ಮ ಚಿತ್ರ ತೆಗೆದು ಅದರಿಂದ ಹಾಡನ್ನು ಲೆಕ್ಕಹಾಕಿ ಹೊರಡಿಸುವ ವಿಧಾನ ರೂಪಿಸಿದ್ದಾರೆ. ಚೂರುಗಳನ್ನು ಜೋಡಿಸಿ ಓದುವುದೂ ಅದರಿಂದ ಸಾಧ್ಯ. ನಮ್ಮಲ್ಲಿಗೆ ಅದು ಬರುವ ತನಕ ಚೂರುಗಳನ್ನು ಕಾಗದದಲ್ಲಿ ಸುತ್ತಿಡುವುದರಿಂದ ಯಾರಿಗೂ ನಷ್ಟವಿಲ್ಲ.

ಪ್ಲೇಟು ಹೀಗೆ ಇನ್ನೂ ಕೆಲವು ದಶಕ ತಡೆದೀತು. ಟೇಪು ತಡೆಯುವುದಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ, 2025ರೊಳಗೆ ಅಂಕೀಯ ರೂಪಕ್ಕೆ ಬಾರದ ಟೇಪುಗಳು ಬಹುಪಾಲು ಕೈತಪ್ಪಿದಂತೆ ಎಂದು ಎಚ್ಚರಿಸಿತ್ತು. ಟೇಪು ಹಾಳಾಗುವುದಕ್ಕಿಂತ ಅದನ್ನು ನುಡಿಸುವ ಯಂತ್ರಗಳು, ಬಿಡಿಭಾಗಗಳು, ರಿಪೇರಿ ಬಲ್ಲ ಕೈಗಳು ಮೊದಲು ಇಲ್ಲವಾಗುತ್ತವೆ ಎಂಬುದು ಆ ಎಚ್ಚರಿಕೆಯ ಮುಖ್ಯ ಕಾರಣಗಳಲ್ಲೊಂದು. ಹತ್ತಿಪ್ಪತ್ತು ವರ್ಷದ ಹಿಂದೆಯೇ ಕ್ಯಾಸೆಟ್ಟನ್ನು ಅಂಗಡಿಯಲ್ಲಿ ಸಿಡಿಗೆ ಹಾಕಿಸಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವವರೂ ಒಮ್ಮೆ ಆ ಸಿಡಿ ಹಾಕಿ ನೋಡಬೇಕು. ಬರೆಯುವ ಸಿಡಿಯ ಬಣ್ಣದ ಪದರ ಬೆಳಕಿಗೆ, ಸೆಕೆಗೆ ಮಾಸುತ್ತದೆ. ಎಷ್ಟೋ ಮನೆಗಳಲ್ಲಿ ಸಿಡಿ ಸತ್ತು, ಅದರ ಮೂಲ ಕ್ಯಾಸೆಟ್ ಇನ್ನೂ ಹಾಡುತ್ತಿರುವುದುಂಟು.

ಕಡತದ ಜೊತೆ ವಿವರ ಇಲ್ಲದಿದ್ದರೆ ದನಿ ಅನಾಥ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಸುತ್ತಿ ಹಿಡಿದ ಹಾಡುಗಳ ಪ್ರತಿಗಳೊಂದಿಗೆ, 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ತಮಿಳುನಾಡು, ಕೇರಳ, ಕರ್ನಾಟಕಗಳ ಅದೇ ಊರುಗಳಿಗೆ ಹೋಗಿ, ಅರ್ಧ ಶತಮಾನದಲ್ಲಿ ಏನು ಉಳಿಯಿತು, ಏನು ಬದಲಾಯಿತು ಎಂದು ಹೋಲಿಸಿ ನೋಡಿದರು. ಅದು ಸಾಧ್ಯವಾದದ್ದು ಯಾವ ಹಾಡು ಎಲ್ಲಿಯದು ಎಂಬ ಟಿಪ್ಪಣಿ ಉಳಿದಿದ್ದರಿಂದ. ನಮ್ಮ ಮನೆಯ ಕ್ಯಾಸೆಟ್ಟುಗಳ ಮೇಲೆ ಹೆಚ್ಚಾಗಿ ಬರೆದಿರುವುದು "ಹಾಡು" ಎಂದೋ "ಮದುವೆ" ಎಂದೋ ಅಷ್ಟೆ. ಹಾಡಿದವರು ಯಾರು, ಊರು ಯಾವುದು, ಯಾರ ಮದುವೆ ಎಂದು ಹೇಳಬಲ್ಲವರು ಇನ್ನೂ ಬದುಕಿದ್ದಾರೆ. ಅವರನ್ನು ಕೂರಿಸಿ, ಕೇಳಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳುವುದು ಟೇಪನ್ನು ಕಂಪ್ಯೂಟರಿಗೆ ಇಳಿಸುವಷ್ಟೇ ಅವಸರದ ಕೆಲಸ.

ಎಲ್ಲವನ್ನೂ ಒಂದೇ ಸಲ ಮಾಡಲು ಆಗದು. ಬೇಸಿಗೆಯಲ್ಲಿ, ಗಾಳಿ ಒಣಗಿರುವಾಗ ಶುರುಮಾಡಿ. ಮೊದಲು ಮನೆಯಲ್ಲೇ ಹಿಡಿದ ಕ್ಯಾಸೆಟ್ಟುಗಳನ್ನು ಕೈಗೆತ್ತಿಕೊಳ್ಳಿ. ಅಂಗಡಿಯಲ್ಲಿ ಕೊಂಡದ್ದರ ಪ್ರತಿ ಕಂಪನಿಯ ಬಳಿಯೋ ಬೇರೆ ಮನೆಗಳಲ್ಲೋ ಇದ್ದೀತು, ಅದು ಕಾಯಲಿ. ಇಳಿಸಿದ ಕಡತದ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿರುವ ಮಗಳಿಗೋ ತಮ್ಮನಿಗೋ ಕೊಡಿ. ಮೂಲ ಕ್ಯಾಸೆಟ್ಟನ್ನು ಮಾತ್ರ ಎಸೆಯದೆ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಇಡಿ.